2012ರ ವರ್ಕ್‌ಸ್ಟೇಷನ್‌ಗೆ ತಂದ ರ‍್ಯಾಮ್, ಪ್ರೊಸೆಸರ್, ಎನ್‌ವಿಎಂಇ ಮೂರೂ ಒಪ್ಪುತ್ತಿಲ್ಲ: ತಿಳಿದವರು ದಾರಿ ತೋರಿಸಬೇಕು

ಪ್ರಶ್ನೆ: ಅಚ್ಚಿನಮನೆ, ಚಾಮರಾಜಪೇಟೆ

ಎಲ್ಲರಿಗೂ ನಮಸ್ಕಾರ. ಚಾಮರಾಜಪೇಟೆಯಲ್ಲಿ ನಾನು ಮತ್ತು ನನ್ನ ತಮ್ಮ ಪುಟವಿನ್ಯಾಸದ ಸಣ್ಣ ಕಚೇರಿ ನಡೆಸುತ್ತಿದ್ದೇವೆ. ಹಳೆಯ ಕನ್ನಡ ಪುಸ್ತಕಗಳು, ಸ್ಮರಣ ಸಂಚಿಕೆಗಳು, ಮನೆತನಗಳ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ, ಕಲೆಗಳನ್ನು ತೆಗೆದು, ಟೆಸರಾಕ್ಟ್ ತಂತ್ರಾಂಶದಿಂದ ಅಕ್ಷರ ಗುರುತಿಸಿ, ಮರುಮುದ್ರಣಕ್ಕೆ ಸಿದ್ಧಪಡಿಸಿ ಕೊಡುವುದು ಈಚೆಗೆ ನಮ್ಮ ಮುಖ್ಯ ಕೆಲಸವಾಗಿದೆ. ಇದಕ್ಕೆಲ್ಲ ಆಧಾರವಾಗಿರುವುದು 2012ರಲ್ಲಿ ತಯಾರಾದ ಒಂದು ಟವರ್ ವರ್ಕ್‌ಸ್ಟೇಷನ್. ವೈಟ್‌ಫೀಲ್ಡಿನ ಕಂಪನಿಯೊಂದು ತನ್ನ ಹಳೆಯ ಯಂತ್ರಗಳನ್ನು ಒಟ್ಟಿಗೆ ಮಾರಿದಾಗ ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು. ಇಂದಿಗೂ ಒಂದು ದಿನ ಕೈಕೊಟ್ಟಿಲ್ಲ, ಆದ್ದರಿಂದ ಅದನ್ನು ಬಿಡಲು ಮನಸ್ಸೂ ಇಲ್ಲ.

ಅದರಲ್ಲಿರುವುದು ಇಂಟೆಲ್ ಝಿಯಾನ್ ಇ5-1620 ಪ್ರೊಸೆಸರ್, ನಾಲ್ಕು 4 ಜಿಬಿ ಸ್ಟಿಕ್‌ಗಳಿಂದ ಒಟ್ಟು 16 ಜಿಬಿ ಡಿಡಿಆರ್3 ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಕ್ವಾಡ್ರೋ 2000 ಗ್ರಾಫಿಕ್ಸ್ ಕಾರ್ಡ್ ಮತ್ತು 64 ಬಿಟ್ ವಿಂಡೋಸ್ 10. ಎ4 ಅಳತೆಯ ಒಂದು ಪುಟವನ್ನು 600 ಡಿಪಿಐಯಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಟಿಫ್ ಕಡತ ಸುಮಾರು 100 ಎಂಬಿ ಆಗುತ್ತದೆ. 200 ಪುಟಗಳ ಪುಸ್ತಕವೆಂದರೆ 20 ಜಿಬಿ. ಫೋಟೊಶಾಪ್‌ನಲ್ಲಿ ಹತ್ತು ಪುಟ ಒಟ್ಟಿಗೆ ತೆರೆದರೆ ಯಂತ್ರ ಉಸಿರು ಕಟ್ಟಿದಂತೆ ನಿಂತುಬಿಡುತ್ತದೆ; ಅಕ್ಷರ ಗುರುತಿಸುವ ಕೆಲಸವನ್ನು ರಾತ್ರಿ ಹಚ್ಚಿಟ್ಟು ಹೋದರೆ ಬೆಳಿಗ್ಗೆ ಬಂದಾಗಲೂ ಮುಗಿದಿರುವುದಿಲ್ಲ.

ಹೀಗಾಗಿ ಕಳೆದ ಶನಿವಾರ ಎಸ್.ಪಿ. ರಸ್ತೆಗೆ ಹೋಗಿ ಮೂರು ವಸ್ತುಗಳನ್ನು ತಂದೆವು. ಸರ್ವರ್‌ಗಳಿಂದ ಬಿಚ್ಚಿದ 8 ಜಿಬಿಯ ನಾಲ್ಕು ಡಿಡಿಆರ್3 ಸ್ಟಿಕ್‌ಗಳು, ಸೆಕೆಂಡ್ ಹ್ಯಾಂಡ್ ಝಿಯಾನ್ ಇ5-1650 ವಿ2 ಪ್ರೊಸೆಸರ್, ಮತ್ತು 500 ಜಿಬಿಯ ಹೊಸ ಎನ್‌ವಿಎಂಇ ಎಸ್‌ಎಸ್‌ಡಿ (ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಓಡುವ ವೇಗದ ಡಿಸ್ಕ್), ಜೊತೆಗೆ ಅದನ್ನು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕೂರಿಸುವ ಅಡಾಪ್ಟರ್ ಕಾರ್ಡ್. ಅಂಗಡಿಯವರು ರ‍್ಯಾಮ್ ಸ್ಲಾಟ್ ಒಂದೇ, ಸಾಕೆಟ್ ಒಂದೇ, ಆದ್ದರಿಂದ ಯೋಚನೆ ಬೇಡ ಎಂದು ಭರವಸೆ ಕೊಟ್ಟಿದ್ದರು. ಮನೆಗೆ ಬಂದು ರ‍್ಯಾಮ್ ಹಾಕಿ ಸ್ವಿಚ್ ಒತ್ತಿದರೆ ಪರದೆಯ ಮೇಲೆ ಏನೂ ಬರಲಿಲ್ಲ; ಕೆಂಪು ದೀಪ ಐದು ಸಲ ಮಿನುಗಿ, ಐದು ಸಲ ಬೀಪ್ ಸದ್ದಾಗಿ, ಮತ್ತೆ ಅದೇ ಪುನರಾವರ್ತನೆಯಾಯಿತು. ಹಳೆಯ ರ‍್ಯಾಮ್ ಮರಳಿ ಹಾಕಿ ಪ್ರೊಸೆಸರ್ ಬದಲಿಸಿದರೆ ಫ್ಯಾನ್ ಮಾತ್ರ ತಿರುಗಿತು. ಹಳೆಯ ಪ್ರೊಸೆಸರನ್ನೂ ಮರಳಿ ಕೂರಿಸಿದ ಮೇಲೆ ಯಂತ್ರವೇನೋ ಎದ್ದಿತು, ಎನ್‌ವಿಎಂಇ ಡಿಸ್ಕ್ ವಿಂಡೋಸ್‌ನಲ್ಲಿ ಕಾಣಿಸಿತು, ಆದರೆ ವಿಂಡೋಸನ್ನು ಅದರೊಳಗೆ ಹಾಕಿದಾಗ ಬೂಟ್ ಪಟ್ಟಿಯಲ್ಲಿ ಆ ಡಿಸ್ಕಿನ ಹೆಸರೇ ಇಲ್ಲ.

ನನ್ನ ಪ್ರಶ್ನೆ ಇಷ್ಟು. ಈ ಮೂರರಲ್ಲಿ ಯಾವುದು ಕೆಟ್ಟ ಮಾಲು, ಯಾವುದು ಹೊಂದಾಣಿಕೆಯ ಸಮಸ್ಯೆ ಎಂದು ಗುರುತಿಸುವುದು ಹೇಗೆ? ಏಳು ದಿನದೊಳಗೆ ಬದಲಿಸಿ ಕೊಡುವುದಾಗಿ ಅಂಗಡಿಯವರು ಒಪ್ಪಿದ್ದಾರೆ, ಆದ್ದರಿಂದ ಬುಧವಾರದೊಳಗೆ ನಿರ್ಧರಿಸಬೇಕಾಗಿದೆ. ಇದರ ಮೇಲೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೆಂದು ತಮ್ಮನ ಆಸೆ. ಇನ್ನು ಹೆಚ್ಚೆಂದರೆ 30,000 ರೂಪಾಯಿ ಖರ್ಚು ಮಾಡಬಲ್ಲೆವು. ನಮ್ಮ ಹಿಂದಿನ ಪುಸ್ತಕಗಳ ಪುಟಗಳೆಲ್ಲ ಪೇಜ್‌ಮೇಕರ್‌ನಲ್ಲಿ, ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಇರುವುದರಿಂದ ವಿಂಡೋಸ್ ಬಿಡುವಂತಿಲ್ಲ ಎಂಬುದನ್ನೂ ಗಮನದಲ್ಲಿಟ್ಟು ಸಲಹೆ ಕೊಡಬೇಕೆಂದು ಕೋರುತ್ತೇನೆ.


ಉತ್ತರ 1: ಬೆಸುಗೆಕಡ್ಡಿ, ಜೆ.ಸಿ. ರಸ್ತೆ

ಮೇಡಂ, ಮೊದಲು ರ‍್ಯಾಮ್ ವಿಷಯ ಮುಗಿಸೋಣ, ಏಕೆಂದರೆ ಹಣ ವಾಪಸ್ಸಾಗುವ ಅವಧಿ ಇರುವಾಗಲೇ ತೀರ್ಮಾನವಾಗಬೇಕಾದದ್ದು ಅದು. ನೀವು ತಂದ ಸ್ಟಿಕ್‌ಗಳು ಕೆಟ್ಟಿರಲಾರವು. ನಾಲ್ಕೂ ಒಟ್ಟಿಗೆ ಕೆಟ್ಟಿರುವುದು ಅಪರೂಪ. ಅವು ನಿಮ್ಮ ಯಂತ್ರದ ಜಾತಿಯವಲ್ಲ, ಅಷ್ಟೇ.

ಒಂದು ಹಳೆಯ ಸ್ಟಿಕ್ಕನ್ನೂ ಒಂದು ಹೊಸ ಸ್ಟಿಕ್ಕನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಟ್ಯೂಬ್‌ಲೈಟ್ ಬೆಳಕಿನಲ್ಲಿ ನೋಡಿ. ಹಳೆಯದರ ಒಂದು ಮಗ್ಗುಲಲ್ಲಿ ಒಂದೇ ಅಳತೆಯ ಒಂಬತ್ತು ಕಪ್ಪು ಚಿಪ್‌ಗಳು ಸಾಲಾಗಿ ಇರುತ್ತವೆ. ಎಂಟರ ಬದಲು ಒಂಬತ್ತು ಇರುವುದು ದೋಷ ತಿದ್ದುವ ಇಸಿಸಿ ಸೌಲಭ್ಯಕ್ಕಾಗಿ. ಹೊಸದರಲ್ಲಿ ಈ ಸಾಲಿನ ನಡುವೆ, ಸರಿಯಾಗಿ ಮಧ್ಯಭಾಗದಲ್ಲಿ, ಬೇರೆ ಆಕಾರದ ಇನ್ನೊಂದು ಚಿಪ್ ಕಾಣಬೇಕು. ಅದೇ ರಿಜಿಸ್ಟರ್. ವಿಳಾಸ ಮತ್ತು ಆದೇಶದ ಸಂಕೇತಗಳು ನೇರವಾಗಿ ಮೆಮೊರಿ ಚಿಪ್‌ಗಳಿಗೆ ಹೋಗದೆ ಮೊದಲು ಅಲ್ಲಿ ನಿಂತು ಮುಂದೆ ಹೋಗುತ್ತವೆ. ಇದರಿಂದ ಪ್ರೊಸೆಸರ್ ಮೇಲಿನ ಹೊರೆ ಕಡಿಮೆಯಾಗಿ, ಸರ್ವರ್‌ನಲ್ಲಿ ಹೆಚ್ಚು ಸ್ಟಿಕ್‌ಗಳನ್ನು ಹಾಕಲು ಆಗುತ್ತದೆ.

ಇನ್ನು ಚೀಟಿ ಓದಿ. ನಿಮ್ಮ ಹಳೆಯ ಸ್ಟಿಕ್ ಮೇಲೆ ಪಿಸಿ3-12800 ಎಂಬ ಅಂಕಿಗೆ ಅಂಟಿಕೊಂಡಂತೆಯೇ ಇಂಗ್ಲಿಷಿನ ಇ ಅಕ್ಷರ ಇರುತ್ತದೆ. ಅದು ರಿಜಿಸ್ಟರ್ ಇಲ್ಲದ ಇಸಿಸಿ. ಹೊಸದರ ಮೇಲೆ ಅದೇ ಜಾಗದಲ್ಲಿ ಆರ್ ಇದ್ದರೆ ಅದು ರಿಜಿಸ್ಟರ್ ಇರುವ ಬಗೆ. ಯು ಎಂದಿದ್ದರೆ ಇಸಿಸಿಯೂ ಇಲ್ಲದ ಸಾಮಾನ್ಯ ಡೆಸ್ಕ್‌ಟಾಪ್ ರ‍್ಯಾಮ್. ಇಲ್ಲೊಂದು ಎಚ್ಚರಿಕೆ ಬೇಕು. ಆ ಸಾಲಿನ ಕೊನೆಯಲ್ಲಿ ಮತ್ತೊಂದು ಅಕ್ಷರ ಮತ್ತು ಅಂಕಿಯ ಜೋಡಿ ಬರುತ್ತದೆ, ಉದಾಹರಣೆಗೆ ಇ2 ಎಂದು. ಅದು ಸ್ಟಿಕ್ಕಿನ ಸರ್ಕ್ಯೂಟ್ ಬೋರ್ಡ್ ವಿನ್ಯಾಸದ ಗುರುತು ಮಾತ್ರ. ಆ ಇ ನೋಡಿ ಆರ್ ಬಗೆಯ ಸ್ಟಿಕ್ ಕೊಂಡು ಮೋಸಹೋದ ಗಿರಾಕಿಗಳನ್ನು ನಾನು ಹಲವು ಸಲ ಕಂಡಿದ್ದೇನೆ. 12800ರ ಬೆನ್ನಿಗೇ ಇರುವ ಅಕ್ಷರವನ್ನು ಮಾತ್ರ ನಂಬಿ.

ಇವೆಲ್ಲ 240 ಪಿನ್‌ಗಳವು, ಕಚ್ಚು ಇರುವ ಜಾಗವೂ ಒಂದೇ, ಆದ್ದರಿಂದ ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತವೆ. ಅಂಗಡಿಯವರು ಹೇಳಿದ್ದರಲ್ಲಿ ಆ ಮಟ್ಟಿಗೆ ಸುಳ್ಳಿಲ್ಲ. ಇ5 ಪ್ರೊಸೆಸರ್‌ನೊಳಗಿನ ಮೆಮೊರಿ ನಿಯಂತ್ರಕಕ್ಕೆ ಎರಡೂ ಬಗೆ ತಿಳಿಯುತ್ತದೆ, ಆದರೆ ಯಾವ ಬಗೆಗೆ ಬೋರ್ಡನ್ನೂ ಬಯಾಸನ್ನೂ (ಯಂತ್ರವನ್ನು ಎಬ್ಬಿಸುವ, ಬೋರ್ಡಿನ ಚಿಪ್ಪಿನಲ್ಲಿರುವ ತಂತ್ರಾಂಶ) ಸಿದ್ಧಪಡಿಸಿದ್ದಾರೆ ಎಂಬುದು ಆಯಾ ಮಾದರಿಗೆ ಬಿಟ್ಟದ್ದು. ಒಂದೇ ಪ್ರೊಸೆಸರ್ ಇರುವ ಹಲವು ವರ್ಕ್‌ಸ್ಟೇಷನ್‌ಗಳು ಇ ಬಗೆಯನ್ನು ಮಾತ್ರ ಒಪ್ಪುತ್ತವೆ, ಎರಡು ಪ್ರೊಸೆಸರ್‌ಗಳ ಅಣ್ಣಂದಿರು ಸಾಮಾನ್ಯವಾಗಿ ಆರ್ ಬಗೆಯನ್ನೂ ಒಪ್ಪುತ್ತವೆ. ಎರಡನ್ನೂ ಬೆರೆಸಿದರೆ ಯಾವ ಯಂತ್ರವೂ ಏಳುವುದಿಲ್ಲ. ಸರ್ವರ್‌ನಿಂದ ಬಿಚ್ಚಿದ ಆರ್ ಬಗೆಯ ರ‍್ಯಾಮ್ ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುವುದರಿಂದ ಅಗ್ಗ. ಇ ಬಗೆ ಕಡಿಮೆ, ಆದ್ದರಿಂದ ತುಟ್ಟಿ. ವ್ಯತ್ಯಾಸದ ಹಣ ಕೊಟ್ಟು ಇ ಬಗೆಯ 8 ಜಿಬಿಯ ನಾಲ್ಕನ್ನು ಕೇಳಿ ಪಡೆಯಿರಿ.

ನಿಮ್ಮ ಬೋರ್ಡಿನಲ್ಲಿ ಎಂಟು ಸ್ಲಾಟ್ ಇದ್ದರೆ ಹಳೆಯ ನಾಲ್ಕನ್ನು ತೆಗೆಯಬೇಕಾಗಿಲ್ಲ. ಈ ಪ್ರೊಸೆಸರ್‌ಗೆ ನಾಲ್ಕು ಮೆಮೊರಿ ಚಾನೆಲ್‌ಗಳಿವೆ. ಪ್ರತಿ ಚಾನೆಲ್‌ಗೆ ಒಂದು 8 ಮತ್ತು ಒಂದು 4 ಬರುವಂತೆ ಜೋಡಿಸಿದರೆ 48 ಜಿಬಿ ಆಗುತ್ತದೆ, ವೇಗದ ಸಮತೋಲವೂ ಕೆಡುವುದಿಲ್ಲ. ಯಾವ ಸ್ಲಾಟ್ ಯಾವ ಚಾನೆಲ್‌ಗೆ ಸೇರಿದ್ದೆಂದು ಕ್ಯಾಬಿನೆಟ್ಟಿನ ಬಾಗಿಲ ಒಳಮೈಯಲ್ಲಿ ಚಿತ್ರ ಅಂಟಿಸಿರುತ್ತಾರೆ, ಅದನ್ನು ನೋಡಿಯೇ ಹಾಕಿ.


ಉತ್ತರ 2: ಎರಡನೇ ಸಾಕೆಟ್, ಬಸವನಗುಡಿ

ರ‍್ಯಾಮ್ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಪ್ರೊಸೆಸರ್ ಮತ್ತು ಎನ್‌ವಿಎಂಇ ಬಗ್ಗೆ ನಾನು ಬರೆಯುತ್ತೇನೆ. ಇದೇ ಪೀಳಿಗೆಯ ಯಂತ್ರವನ್ನು ನಾನೂ ಇಟ್ಟುಕೊಂಡಿದ್ದೇನೆ, ಇದೇ ಎರಡು ಗೋಡೆಗಳಿಗೆ ನಾನೂ ಹಣೆ ಹೊಡೆದುಕೊಂಡಿದ್ದೇನೆ.

ನಿಮ್ಮ ಇ5-1620 2012ರಲ್ಲಿ ಬಂದ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯದು. ಇ5-1650 ವಿ2 2013ರಲ್ಲಿ ಬಂದ ಐವಿ ಬ್ರಿಡ್ಜ್. ಸಾಕೆಟ್ ಎರಡಕ್ಕೂ ಎಲ್‌ಜಿಎ 2011, ವಿದ್ಯುತ್ ಬಳಕೆಯ ಮಿತಿಯೂ ಎರಡಕ್ಕೂ 130 ವ್ಯಾಟ್. ಹಾಗಿದ್ದೂ ಏಳದಿರಲು ಕಾರಣ ಬೂಟ್ ಬ್ಲಾಕ್ ಆಗಿರುವ ಸಾಧ್ಯತೆ ಹೆಚ್ಚು. ಬಯಾಸ್ ಚಿಪ್ಪಿನೊಳಗೆ ಸ್ವಿಚ್ ಒತ್ತಿದ ಕ್ಷಣದಲ್ಲಿ ಮೊಟ್ಟಮೊದಲು ಓಡುವ ಒಂದು ಸಣ್ಣ ಭಾಗವಿರುತ್ತದೆ. ಬಯಾಸ್ ಅಪ್‌ಡೇಟ್ ಅರ್ಧಕ್ಕೆ ಕೆಟ್ಟರೂ ಯಂತ್ರ ಚೇತರಿಸಿಕೊಳ್ಳಲಿ ಎಂದು ಅದನ್ನು ಬರೆಯದಂತೆ ಬೀಗ ಹಾಕಿಟ್ಟಿರುತ್ತಾರೆ. ಈ ಪೀಳಿಗೆಯ ಕೆಲವು ವರ್ಕ್‌ಸ್ಟೇಷನ್‌ಗಳ ಬೂಟ್ ಬ್ಲಾಕ್ 2011ರದು, ಅದಕ್ಕೆ ವಿ2 ಪ್ರೊಸೆಸರ್ ಗೊತ್ತಿಲ್ಲ. 2013ರಲ್ಲಿ ತಯಾರಾದ ಬೋರ್ಡ್‌ಗಳಲ್ಲಿ ಬೂಟ್ ಬ್ಲಾಕ್ ಹೊಸದು, ಅವು ವಿ2 ಪ್ರೊಸೆಸರನ್ನು ಒಪ್ಪುತ್ತವೆ. ಬಯಾಸ್ ಅಪ್‌ಡೇಟ್ ಎಷ್ಟೇ ಮಾಡಿದರೂ ಬೂಟ್ ಬ್ಲಾಕ್ ಬದಲಾಗುವುದಿಲ್ಲ. ಯಂತ್ರ ಏಳುವಾಗ ಬಯಾಸ್ ಸೆಟಪ್‌ಗೆ ಹೋಗಿ ಸಿಸ್ಟಂ ಮಾಹಿತಿಯ ಪುಟದಲ್ಲಿ ಬೂಟ್ ಬ್ಲಾಕ್ ದಿನಾಂಕ ಎಂಬ ಸಾಲು ಇದೆಯೇ ನೋಡಿ, ಇದ್ದರೆ ಇಲ್ಲಿ ತಿಳಿಸಿ. ಚಿಪ್ಪನ್ನು ಹೊರಗಿನಿಂದ ಕ್ಲಿಪ್ ಹಾಕಿ ಬರೆಯುವವರು ಇದ್ದಾರೆ, ಆದರೆ ಹೊಟ್ಟೆಪಾಡಿಗೆ ನೆಚ್ಚಿಕೊಂಡಿರುವ ಒಂದೇ ಯಂತ್ರದ ಮೇಲೆ ಆ ಪ್ರಯೋಗ ಮಾಡಿಸಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ.

ದಿನಾಂಕ 2011 ಎಂದಿದ್ದರೆ ವಿ2 ಮರಳಿಸಿ, ಮೊದಲ ಪೀಳಿಗೆಯಲ್ಲೇ ಮೇಲಿನದನ್ನು ಆರಿಸಿಕೊಳ್ಳಬಹುದು. ಇ5-1650ರ ಮೊದಲ ಆವೃತ್ತಿಗೆ ಆರು ಕೋರ್‌ಗಳಿವೆ, ಮೂಲ ವೇಗ 3.2 ಗಿಗಾಹರ್ಟ್ಸ್, ಟರ್ಬೊ 3.8. ಇ5-2670ಕ್ಕೆ ಎಂಟು ಕೋರ್‌ಗಳಿವೆ, ಆದರೆ ಮೂಲ ವೇಗ 2.6, ಟರ್ಬೊ 3.3 ಮಾತ್ರ. ನಿಮ್ಮ ಇ5-1620ರ ಟರ್ಬೊ ಈಗಾಗಲೇ 3.8 ಇದೆ. ಫೋಟೊಶಾಪ್‌ನ ಬಹಳಷ್ಟು ಕೆಲಸ ಒಂದೆರಡು ಕೋರ್‌ಗಳ ಮೇಲೆಯೇ ನಡೆಯುವುದರಿಂದ, ಕೋರ್ ಎಂಟಾದವೆಂದು 2670 ಹಾಕಿದರೆ ಕಲೆ ತೆಗೆಯುವ ಕೆಲಸ ಈಗಿನದಕ್ಕಿಂತ ನಿಧಾನವಾಗುತ್ತದೆ. ಅಗ್ಗವಾಗಿ ಸಿಗುತ್ತದೆ ಎಂದು ಅದರ ಕಡೆ ವಾಲಬೇಡಿ. ವಿ3, ವಿ4 ಎಂದು ಬರೆದಿರುವ ಯಾವುದನ್ನೂ ಮುಟ್ಟಬೇಡಿ. ಅವುಗಳ ಸಾಕೆಟ್ ಎಲ್‌ಜಿಎ 2011-3, ರ‍್ಯಾಮ್ ಡಿಡಿಆರ್4.

ಪ್ರೊಸೆಸರ್‌ಗೆ ಒಂದು ರೂಪಾಯಿ ಹಾಕುವ ಮೊದಲು ಒಂದು ಪ್ರಯೋಗ ಮಾಡಿ ನೋಡಿ. ಟೆಸರಾಕ್ಟ್ ಒಂದು ಪುಟವನ್ನು ತಾನೇ ನಾಲ್ಕು ಎಳೆಗಳಾಗಿ (ಥ್ರೆಡ್) ಹಂಚಿಕೊಂಡು ಓಡುತ್ತದೆ, ಆದರೆ ಆ ಹಂಚಿಕೆಯಲ್ಲಿ ಎಳೆಗಳು ಒಂದಕ್ಕೊಂದು ಕಾಯುವುದೇ ಹೆಚ್ಚು. ಒಎಂಪಿ ಥ್ರೆಡ್ ಲಿಮಿಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನ ಬೆಲೆಯನ್ನು 1 ಎಂದು ಇಟ್ಟು, ಒಂದು ಪುಟಕ್ಕೆ ಒಂದು ಕೋರ್‌ನಂತೆ ನಾಲ್ಕು ಪುಟಗಳನ್ನು ಒಟ್ಟಿಗೆ ಓಡಿಸಿ. ಒಟ್ಟು ಪುಸ್ತಕ ಮುಗಿಯುವ ಹೊತ್ತು ಗಣನೀಯವಾಗಿ ಇಳಿಯುತ್ತದೆ.

ಎನ್‌ವಿಎಂಇ ವಿಷಯದಲ್ಲಿ ನಿಮ್ಮ ಡಿಸ್ಕೂ ಸರಿಯಿದೆ, ಅಡಾಪ್ಟರೂ ಸರಿಯಿದೆ. ವಿಂಡೋಸ್‌ನಲ್ಲಿ ಕಾಣಿಸಿದ್ದೇ ಅದಕ್ಕೆ ಸಾಕ್ಷಿ. ಎನ್‌ವಿಎಂಇ ನಿಯಮಾವಳಿಯ ಮೊದಲ ಆವೃತ್ತಿ ಪ್ರಕಟವಾದದ್ದು 2011ರ ಮಾರ್ಚ್‌ನಲ್ಲಿ. ಆ ಹೊತ್ತಿಗೆ ರೂಪುಗೊಂಡಿದ್ದ ಬಯಾಸ್‌ಗಳಲ್ಲಿ ಅಂಥ ಡಿಸ್ಕನ್ನು ಓದುವ ಚಾಲಕ ತಂತ್ರಾಂಶವೇ (ಡ್ರೈವರ್) ಇರುವುದಿಲ್ಲ. ವಿಂಡೋಸ್ 10 ಎದ್ದ ಮೇಲೆ ತನ್ನದೇ ಚಾಲಕದಿಂದ ಡಿಸ್ಕನ್ನು ಗುರುತಿಸುತ್ತದೆ, ಆದರೆ ವಿಂಡೋಸನ್ನು ಎಬ್ಬಿಸಬೇಕಾದ ಬಯಾಸ್‌ಗೆ ಆ ಡಿಸ್ಕ್ ಕುರುಡು. ಪೆನ್‌ಡ್ರೈವ್‌ನಲ್ಲಿ ಕ್ಲೋವರ್ ಎಂಬ ಬೂಟ್ ಲೋಡರ್ ಇಟ್ಟು, ಅದರ ಮೂಲಕ ಚಾಲಕವನ್ನು ತುಂಬಿ ಎಬ್ಬಿಸುವ ದಾರಿಯಿದೆ. ನಾನು ಹಾಗೆ ಕೆಲವು ಕಾಲ ನಡೆಸಿದೆ. ಒಂದು ದಿನ ಪೆನ್‌ಡ್ರೈವ್ ಕೆಟ್ಟಿತು, ಅರ್ಧ ದಿನದ ಕೆಲಸ ಹೋಯಿತು.

ಕಚೇರಿಗೆ ಒಳ್ಳೆಯ ಏರ್ಪಾಡೆಂದರೆ ವಿಂಡೋಸ್‌ಗೆ ಒಂದು ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನಂತೆ ಕೇಬಲ್‌ನಿಂದ ಸೇರುವಂಥದ್ದು), ಸ್ಕ್ಯಾನ್ ಕಡತಗಳಿಗೂ ಫೋಟೊಶಾಪ್ ತಾತ್ಕಾಲಿಕ ಕಡತ ಇಡುವ ಸ್ಕ್ರ್ಯಾಚ್ ಡಿಸ್ಕಿಗೂ ಈಗಿರುವ ಎನ್‌ವಿಎಂಇ. ದಪ್ಪ ಕಡತಗಳು ಓಡಾಡುವುದೇ ಅಲ್ಲಿ, ವೇಗ ಬೇಕಿರುವುದೂ ಅಲ್ಲಿ. ಆದರೆ ಎರಡು ಸಂಗತಿಗಳನ್ನು ನೋಡಿಕೊಳ್ಳಿ. ಈ ಪೀಳಿಗೆಯ ಬೋರ್ಡ್‌ಗಳಲ್ಲಿರುವ ಸಿ602 ಚಿಪ್‌ಸೆಟ್‌ನ ಸಾಟಾ ಪೋರ್ಟ್‌ಗಳಲ್ಲಿ 6 ಗಿಗಾಬಿಟ್ ವೇಗದವು ಎರಡೇ, ಉಳಿದವು 3 ಗಿಗಾಬಿಟ್. ಎಷ್ಟೋ ಯಂತ್ರಗಳಲ್ಲಿ ಡಿವಿಡಿ ಡ್ರೈವ್ ವೇಗದ ಪೋರ್ಟ್ ಹಿಡಿದು ಕುಳಿತಿರುತ್ತದೆ; ಅದನ್ನು ಎಬ್ಬಿಸಿ ಆ ಜಾಗಕ್ಕೆ ಎಸ್‌ಎಸ್‌ಡಿ ಕೊಡಿ. ಹಾಗೆಯೇ ಎನ್‌ವಿಎಂಇ ಅಡಾಪ್ಟರನ್ನು ಪ್ರೊಸೆಸರ್‌ಗೆ ನೇರ ಸೇರಿದ ಮೂರನೇ ಪೀಳಿಗೆಯ ಸ್ಲಾಟಿನಲ್ಲಿ ಹಾಕಿ. ಚಿಪ್‌ಸೆಟ್ ಮೂಲಕ ಬರುವ ಸ್ಲಾಟ್‌ಗಳು ಎರಡನೇ ಪೀಳಿಗೆಯವು, ಅಲ್ಲಿ ನಾಲ್ಕು ಲೇನ್ ಸಿಕ್ಕರೂ ಸೆಕೆಂಡಿಗೆ 2 ಜಿಬಿ ದಾಟುವುದಿಲ್ಲ.


ಅಚ್ಚಿನಮನೆ, ಚಾಮರಾಜಪೇಟೆ

ಇಬ್ಬರಿಗೂ ಧನ್ಯವಾದಗಳು. ಹೊಸ ಸ್ಟಿಕ್‌ಗಳ ಮೇಲೆ 12800ರ ಪಕ್ಕದಲ್ಲಿ ಆರ್ ಇದೆ, ಕೊನೆಯಲ್ಲಿ ಇ2 ಇದೆ. ಅಂಗಡಿಯಲ್ಲಿ ನಾನೇ ಆ ಇ2 ಓದಿ ಒಪ್ಪಿಕೊಂಡಿದ್ದೆ. ಮಧ್ಯದ ಚಿಪ್ ಕೂಡ ನೀವು ಹೇಳಿದ ಜಾಗದಲ್ಲಿಯೇ ಇದೆ. ಬೂಟ್ ಬ್ಲಾಕ್ ದಿನಾಂಕ 2011ರ ಡಿಸೆಂಬರ್ ಎಂದು ತೋರಿಸುತ್ತಿದೆ. ನಾಳೆಯೇ ಎರಡನ್ನೂ ಮರಳಿಸಲು ಹೋಗುತ್ತೇವೆ. ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಯಾರಾದರೂ ತಿಳಿಸಿದರೆ ಅದೇ ಓಡಾಟದಲ್ಲಿ ವಿಚಾರಿಸಿಕೊಂಡು ಬರುತ್ತೇವೆ. ನಮ್ಮ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆ) ಮೇಲೆ 600 ವ್ಯಾಟ್ ಎಂದಿದೆ, ಗ್ರಾಫಿಕ್ಸ್‌ಗೆಂದು ಆರು ಪಿನ್‌ಗಳ ಎರಡು ವೈರ್‌ಗಳು ಇವೆ.


ಉತ್ತರ 3: ವ್ಯಾಟ್ ಲೆಕ್ಕ, ರಾಜಾಜಿನಗರ

ಆರ್‌ಟಿಎಕ್ಸ್ 3060 ಈಗ ಬೇಡ ಎಂಬುದು ನನ್ನ ಅಭಿಪ್ರಾಯ. ಆ ಕಾರ್ಡಿನ ಬಳಕೆ 170 ವ್ಯಾಟ್. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡುವುದು 75, ಆರು ಪಿನ್‌ಗಳ ಒಂದು ವೈರ್ ಕೊಡುವುದು 75, ಎಂಟು ಪಿನ್‌ಗಳದ್ದು 150. ಮಾರುಕಟ್ಟೆಯ 3060 ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಎಂಟು ಪಿನ್‌ಗಳ ಒಂದು ಸಾಕೆಟ್ ಇರುತ್ತದೆ. ನಿಮ್ಮ ಎಸ್‌ಎಂಪಿಎಸ್‌ನಲ್ಲಿ ಆ ವೈರ್ ಇಲ್ಲ. ಒಂದು ಆರು ಪಿನ್ನನ್ನು ಎಂಟು ಪಿನ್ ಮಾಡುವ ಪರಿವರ್ತಕ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಆದರೆ ಪಿನ್ ಹೆಚ್ಚಿದ ಮಾತ್ರಕ್ಕೆ ವೈರಿನ ತಾಕತ್ತು ಹೆಚ್ಚುವುದಿಲ್ಲ. ಇಂಥ ಪರಿವರ್ತಕದ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಪಿನ್ನಿಗೆ ಕರಗಿ ಅಂಟಿದ್ದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಎಸ್‌ಎಂಪಿಎಸ್ಸನ್ನೇ ಬದಲಿಸೋಣವೆಂದರೆ ದೊಡ್ಡ ಕಂಪನಿಗಳ ವರ್ಕ್‌ಸ್ಟೇಷನ್‌ಗಳಲ್ಲಿ ಬೋರ್ಡಿಗೆ ಹೋಗುವ ಮುಖ್ಯ ಕನೆಕ್ಟರ್ ಸಾಮಾನ್ಯ 24 ಪಿನ್‌ಗಳ ಎಟಿಎಕ್ಸ್ ಆಗಿರುವುದಿಲ್ಲ. ಪೆಟ್ಟಿಗೆಯ ಆಕಾರವೂ ಬೇರೆ. ಅಂಗಡಿಯ ಯಾವ ಎಸ್‌ಎಂಪಿಎಸ್ಸೂ ನೇರವಾಗಿ ಕೂರದು.

ನಿಮ್ಮ ಕೆಲಸಕ್ಕೆ ಅಷ್ಟು ದೊಡ್ಡ ಕಾರ್ಡ್ ಬೇಕಾಗಿಯೂ ಇಲ್ಲ. ಟೆಸರಾಕ್ಟ್ ನಡೆಯುವುದು ಪ್ರೊಸೆಸರ್ ಮೇಲೆ, ಗ್ರಾಫಿಕ್ಸ್ ಕಾರ್ಡ್ ಅಲ್ಲಿ ಸುಮ್ಮನೆ ಕುಳಿತಿರುತ್ತದೆ. ಕ್ವಾಡ್ರೋ 2000 ಬದಲಿಸಬೇಕೆಂಬುದು ಮಾತ್ರ ನಿಜ. ಅದು ಫರ್ಮಿ ಪೀಳಿಗೆಯದು, ಎನ್‌ವಿಡಿಯಾ ಆ ಪೀಳಿಗೆಯ ಗೇಮಿಂಗ್ ಕಾರ್ಡ್‌ಗಳಿಗೆ 2018ರ ಏಪ್ರಿಲ್‌ನಲ್ಲೇ ಹೊಸ ಚಾಲಕಗಳನ್ನು ನಿಲ್ಲಿಸಿತು. ಈಗಿನ ಫೋಟೊಶಾಪ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಆರ್‌ಟಿಎಕ್ಸ್ ಎ2000 ಸೆಕೆಂಡ್ ಹ್ಯಾಂಡ್ ಸಿಕ್ಕರೆ ನೋಡಿ. ಬಳಕೆ 70 ವ್ಯಾಟ್ ಮಾತ್ರ, ಸ್ಲಾಟಿನಿಂದಲೇ ವಿದ್ಯುತ್ ಪಡೆಯುತ್ತದೆ, ಬೇರೆ ವೈರ್ ಬೇಡ. ಅದರ ಹಿಂಬದಿಯಲ್ಲಿ ಇರುವುದು ನಾಲ್ಕು ಮಿನಿ ಡಿಸ್‌ಪ್ಲೇಪೋರ್ಟ್‌ಗಳು. ನಿಮ್ಮ ಮಾನಿಟರ್ ಡಿವಿಐ ಆಗಿದ್ದರೆ ಪರಿವರ್ತಕವನ್ನೂ ಜೊತೆಗೆ ತನ್ನಿ, ಇಲ್ಲದಿದ್ದರೆ ಕಾರ್ಡ್ ಹಾಕಿದ ಸಂಜೆ ಪರದೆಯಿಲ್ಲದೆ ಕೂರಬೇಕಾಗುತ್ತದೆ. ಯಂತ್ರವನ್ನೇ ಆಟೋದಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲಿಯೇ ಕೂರಿಸಿ, ಬಯಾಸ್ ಪರದೆ ಮೂಡುವುದನ್ನು ಕಣ್ಣಾರೆ ಕಂಡ ಮೇಲೆ ಹಣ ಕೊಡಿ.

ಯುಪಿಎಸ್ ವಿಷಯ ಯಾರೂ ಎತ್ತಲಿಲ್ಲ. ಬಹಳ ಕಚೇರಿಗಳಲ್ಲಿ ಇರುವುದು 600 ವಿಎ ಯುಪಿಎಸ್. ಅದು ನಿಜವಾಗಿ ಹೊರುವುದು ಸುಮಾರು 360 ವ್ಯಾಟ್. 130 ವ್ಯಾಟಿನ ಪ್ರೊಸೆಸರ್, 170 ವ್ಯಾಟಿನ ಕಾರ್ಡ್, ಡಿಸ್ಕ್‌ಗಳು, ಮಾನಿಟರ್ ಎಲ್ಲ ಒಟ್ಟಾಗಿ ದುಡಿಯುವಾಗ ಕರೆಂಟ್ ಹೋದರೆ ಯುಪಿಎಸ್ ಕಿರುಚಿಕೊಂಡು ಅದೇ ಕ್ಷಣ ಕೈಚೆಲ್ಲುತ್ತದೆ. ಅರ್ಧ ಬರೆದ ಟಿಫ್ ಕಡತ ಕೆಡಲು ಅಷ್ಟು ಸಾಕು.


ಉತ್ತರ 4: ಹೊಸ ಬೋರ್ಡ್, ಮಲ್ಲೇಶ್ವರ

ಎಲ್ಲರೂ ಹಳೆಯದನ್ನು ಉಳಿಸುವ ದಾರಿಯನ್ನೇ ಹೇಳುತ್ತಿರುವುದರಿಂದ ಇನ್ನೊಂದು ಮಗ್ಗುಲನ್ನೂ ಇಡುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ಚಿಪ್ ಮತ್ತು ಸೆಕ್ಯೂರ್ ಬೂಟ್ ಸೌಲಭ್ಯ ಬೇಕು, ಇಂಟೆಲ್ ಸಾಲಿನಲ್ಲಿ ಅಧಿಕೃತ ಪಟ್ಟಿ ಬಹುಮಟ್ಟಿಗೆ ಎಂಟನೇ ಪೀಳಿಗೆಯಿಂದಲೇ ಆರಂಭವಾಗುತ್ತದೆ. ಈ ಝಿಯಾನ್ ಯಾವ ರೀತಿಯಲ್ಲೂ ಆ ಪಟ್ಟಿಗೆ ಸೇರದು. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಬಹುದಾದರೂ ಮುಂದಿನ ಅಪ್‌ಡೇಟ್‌ಗಳಿಗೆ ಯಾರ ಹೊಣೆಯೂ ಇಲ್ಲ. ಅಲ್ಲದೆ ಈ ಪ್ರೊಸೆಸರ್‌ಗಳಲ್ಲಿ, ವಿ2 ಸೇರಿದಂತೆ, ಹಲವು ಲೆಕ್ಕಗಳನ್ನು ಒಟ್ಟಿಗೆ ಮಾಡಿಸುವ ಎವಿಎಕ್ಸ್2 ಸೂಚನೆಗಳಿಲ್ಲ. ಅವು ಬಂದದ್ದು 2013ರ ಹ್ಯಾಸ್‌ವೆಲ್ ಪೀಳಿಗೆಯೊಂದಿಗೆ. ಅವನ್ನು ಕಡ್ಡಾಯ ಮಾಡುವ ತಂತ್ರಾಂಶಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ, ಆಗ ಯಾವ ರ‍್ಯಾಮೂ ಯಾವ ಎಸ್‌ಎಸ್‌ಡಿಯೂ ನೆರವಿಗೆ ಬರುವುದಿಲ್ಲ. ಆದ್ದರಿಂದ 30,000 ರೂಪಾಯಿಯನ್ನು ಪೂರ್ತಿ ಈ ಯಂತ್ರಕ್ಕೆ ಸುರಿಯಬೇಡಿ. ಇನ್ನೊಂದಿಷ್ಟು ಕೂಡಿಸಿ, ಎಂಟನೇ ಪೀಳಿಗೆಯ ಅಥವಾ ಅದರ ನಂತರದ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪಿನ ಕಡೆ ಗಮನ ಕೊಡಿ.


ಬೆಸುಗೆಕಡ್ಡಿ, ಜೆ.ಸಿ. ರಸ್ತೆ

ಮಲ್ಲೇಶ್ವರದವರ ಮಾತಿನಲ್ಲಿ ಸತ್ಯವಿದೆ, ಅದನ್ನು ಒಪ್ಪುತ್ತೇನೆ. ಅದಕ್ಕಾಗಿಯೇ ಈಗ ಕೊಳ್ಳುವ ವಸ್ತುಗಳಲ್ಲಿ ಮುಂದಿನ ಯಂತ್ರಕ್ಕೆ ಹೊತ್ತೊಯ್ಯಬಹುದಾದದ್ದು ಯಾವುದು ಎಂದು ನೋಡಬೇಕು. ಸಾಟಾ ಎಸ್‌ಎಸ್‌ಡಿ ಹೋಗುತ್ತದೆ, ಎನ್‌ವಿಎಂಇ ಹೋಗುತ್ತದೆ, ಎ2000 ಕಾರ್ಡ್ ಹೋಗುತ್ತದೆ. ಡಿಡಿಆರ್3 ರ‍್ಯಾಮ್ ಮತ್ತು ಎಲ್‌ಜಿಎ 2011 ಪ್ರೊಸೆಸರ್ ಇಲ್ಲೇ ಉಳಿಯುತ್ತವೆ, ಆದ್ದರಿಂದ ಅವುಗಳ ಮೇಲೆ ಆದಷ್ಟು ಕಡಿಮೆ ಹಣ ಹಾಕಿ. ಪೇಜ್‌ಮೇಕರ್ ಕಡತಗಳಿಗೂ ಸ್ಕ್ಯಾನರ್‌ಗೂ ಈ ಹಳೆಯ ಯಂತ್ರ ಮುಂದೆಯೂ ಬೇಕಾಗುತ್ತದೆ. ಹೊಸದು ಬಂದ ದಿನ ಇದನ್ನು ಇಂಟರ್‌ನೆಟ್‌ನಿಂದ ಬಿಡಿಸಿ, ಸ್ಕ್ಯಾನಿಂಗಿಗೆ ಮಾತ್ರ ಇಟ್ಟುಕೊಳ್ಳಬಹುದು.


ಅಚ್ಚಿನಮನೆ, ಚಾಮರಾಜಪೇಟೆ (ಮೂರು ವಾರಗಳ ನಂತರ)

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಕೆಲಸ ಓಡತೊಡಗಿದ ಮೇಲೆ ಬಾಕಿಯಿದ್ದ ಎರಡು ಪುಸ್ತಕಗಳನ್ನು ಮುಗಿಸಿಯೇ ಕುಳಿತೆ.

ಅಂಗಡಿಯವರು ಆರ್ ಬಗೆಯ ರ‍್ಯಾಮ್ ವಾಪಸ್ ಪಡೆದು ಇ ಬಗೆಯದನ್ನು ಹುಡುಕಿಸಿ ಕೊಟ್ಟರು, ವ್ಯತ್ಯಾಸದ ಹಣ ಕೊಟ್ಟೆವು. 48 ಜಿಬಿ ಮೊದಲ ಸಲಕ್ಕೇ ಗುರುತಾಯಿತು. ವಿ2 ಪ್ರೊಸೆಸರ್ ಮರಳಿಸಿದೆವು. ಬದಲಿಗೆ ಬೇರೆ ಪ್ರೊಸೆಸರ್ ತರುವ ಮೊದಲು ಬಸವನಗುಡಿಯವರು ಹೇಳಿದ ಟೆಸರಾಕ್ಟ್ ಪ್ರಯೋಗ ಮಾಡಿದೆವು. ಸಂಜೆ ಏಳಕ್ಕೆ 200 ಪುಟಗಳನ್ನು ಹಚ್ಚಿ, ಊಟ ಮುಗಿಸಿ ತಮ್ಮ ಬಂದು ನೋಡುವಷ್ಟರಲ್ಲಿ ಕೊನೆಯ ಪುಟದ ಪಠ್ಯ ಪರದೆಯ ಮೇಲಿತ್ತು. ಆದ್ದರಿಂದ ಇ5-1620 ಅನ್ನೇ ಉಳಿಸಿಕೊಂಡಿದ್ದೇವೆ. ಗ್ರಾಫಿಕ್ಸ್ ಕಾರ್ಡ್ ಆಲೋಚನೆಯನ್ನೂ ಸದ್ಯಕ್ಕೆ ಬಿಟ್ಟು, ಉಳಿದ ಹಣವನ್ನು ಮುಂದಿನ ಯಂತ್ರಕ್ಕೆಂದು ತೆಗೆದಿಟ್ಟಿದ್ದೇವೆ.

ಸಾಟಾ ಎಸ್‌ಎಸ್‌ಡಿ ಹಾಕುವಾಗ ಒಂದು ತೊಡಕು ಬಂತು, ಬೇರೆಯವರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಹಾರ್ಡ್ ಡಿಸ್ಕನ್ನು ಎಸ್‌ಎಸ್‌ಡಿಗೆ ಕ್ಲೋನ್ ಮಾಡಿ, ಡಿವಿಡಿ ಡ್ರೈವ್ ಇದ್ದ ವೇಗದ ಪೋರ್ಟಿಗೆ ಸೇರಿಸಿದೆವು. ಯಂತ್ರ ಎದ್ದಿತು, ಆದರೆ ಹಳೆಯ ಮಾಲೀಕರು ಬಯಾಸ್‌ನಲ್ಲಿ ಸಾಟಾ ವಿಧಾನವನ್ನು ಹಳೆಯ ಬಗೆಯ ಐಡಿಇ ಎಂದು ಇಟ್ಟಿದ್ದು ಆಗ ಗಮನಕ್ಕೆ ಬಂತು. ಅದನ್ನು ಎಸ್‌ಎಸ್‌ಡಿಗೆ ತಕ್ಕ ಹೊಸ ವಿಧಾನವಾದ ಎಎಚ್‌ಸಿಐ ಎಂದು ಬದಲಿಸಿದ ಕೂಡಲೇ ನೀಲಿ ಪರದೆ ಬಂದು ಯಂತ್ರ ಸುತ್ತು ಹೊಡೆಯತೊಡಗಿತು. ಮರಳಿ ಐಡಿಇಗೆ ಇಟ್ಟು ವಿಂಡೋಸ್ ಎಬ್ಬಿಸಿ, ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಗುರುತು ಹಾಕಿ, ಮರುಚಾಲನೆಯ ಹೊತ್ತಿನಲ್ಲಿ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿದೆವು. ಸೇಫ್ ಮೋಡ್‌ನಲ್ಲಿ ವಿಂಡೋಸ್ ತನಗೆ ಬೇಕಾದ ಚಾಲಕವನ್ನು ತಾನೇ ಎತ್ತಿಕೊಂಡಿತು; ಆಮೇಲೆ ಆ ಗುರುತು ತೆಗೆದರೆ ಎಲ್ಲ ಸರಿಹೋಯಿತು.

ಈಗ ಹತ್ತು ಪುಟಗಳನ್ನು ಒಟ್ಟಿಗೆ ತೆರೆದರೂ ಫೋಟೊಶಾಪ್ ನಿಲ್ಲುವುದಿಲ್ಲ. ಕ್ಯಾಬಿನೆಟ್ ಬಾಗಿಲಿನ ಒಳಗೆ ತಮ್ಮ ಒಂದು ಚೀಟಿ ಬರೆದು ಅಂಟಿಸಿದ್ದಾನೆ: ರ‍್ಯಾಮ್ 12800 ಇ ಮಾತ್ರ, ಬೂಟ್ ಬ್ಲಾಕ್ 2011, ವಿ2 ಏಳದು, ಎನ್‌ವಿಎಂಇ ಬೂಟ್ ಆಗದು, ಗ್ರಾಫಿಕ್ಸ್‌ಗೆ ಆರು ಪಿನ್ ಎರಡು.


ಎರಡನೇ ಸಾಕೆಟ್, ಬಸವನಗುಡಿ

ಬಹಳ ಸಂತೋಷ ಮೇಡಂ. ಆ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಲು ತಮ್ಮನಿಗೆ ಹೇಳಿ: ಸಾಟಾ ವಿಧಾನ ಎಎಚ್‌ಸಿಐ. ಬೋರ್ಡಿನ ಮೇಲೆ ನಾಣ್ಯದಂತಿರುವ ಸಿಆರ್2032 ಬ್ಯಾಟರಿ 2012ರದೇ ಆಗಿದ್ದರೆ ಅದು ಯಾವ ದಿನವಾದರೂ ಮುಗಿಯಬಹುದು, ಆಗ ಬಯಾಸ್‌ನ ಆಯ್ಕೆಗಳು ಕಾರ್ಖಾನೆಯ ಮೂಲ ಸ್ಥಿತಿಗೆ ಮರಳುತ್ತವೆ, ಆ ಮೂಲ ಸ್ಥಿತಿ ಎಎಚ್‌ಸಿಐ ಅಲ್ಲದಿದ್ದರೆ ಅದೇ ನೀಲಿ ಪರದೆ ಮತ್ತೆ ಬಂದು ಎಸ್‌ಎಸ್‌ಡಿ ಕೆಟ್ಟಿತೆಂದು ಗಾಬರಿಯಾಗುತ್ತದೆ. ಮುಂದಿನ ಸಲ ಬಾಗಿಲು ತೆರೆದಾಗ ಬ್ಯಾಟರಿಯನ್ನೂ ಬದಲಿಸಿಬಿಡಿ.